ಕೈತಪ್ಪಿದ ಅಡ್ಮಿನ್ ಅಧಿಕಾರ: ಹೈರೆನ್ಸ್ ಬೂಟ್‌ಸಿಡಿ ಪಿಇ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಮನೆಯ ವಿಂಡೋಸ್ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಮರೆತು ಹುಡುಕಲು ಕೂತರೆ ಎದುರಾಗುವುದು ಎರಡೇ ಬಗೆಯ ಸಲಹೆ. ಒಂದು, ದುಡ್ಡು ಕೊಟ್ಟು ಕೊಳ್ಳಿ ಎನ್ನುವ ಸಾಫ್ಟ್‌ವೇರುಗಳದ್ದು. ಇನ್ನೊಂದು, ವಿಂಡೋಸ್ 7ರ ಕಾಲದಲ್ಲಿ ನಡೆಯುತ್ತಿದ್ದ, ಈಗ ನಡೆಯದ ಉಪಾಯಗಳದ್ದು. ಉಚಿತವಾಗಿ ಸಿಗುವ, ಇವತ್ತಿನ ಯಂತ್ರಗಳಲ್ಲೂ ಕೆಲಸ ಮಾಡುವ ಸಾಧನ ಬೇಕೆಂದರೆ ಹೈರೆನ್ಸ್ ಬೂಟ್‌ಸಿಡಿ ಪಿಇ (ಪೆನ್‌ಡ್ರೈವಿನಿಂದಲೇ ಏಳುವ ಕಿರು ವಿಂಡೋಸ್) ಮತ್ತು ಅದರೊಳಗಿರುವ ‘ಎನ್‌ಟಿ ಪಾಸ್‌ವರ್ಡ್ ಎಡಿಟ್’ ಎಂಬ ಪುಟ್ಟ ತಂತ್ರಾಂಶದ ಜೋಡಿಯೇ ಸದ್ಯಕ್ಕೆ ಮೊದಲ ಆಯ್ಕೆ. ಆದರೆ ಅದನ್ನು ಇಳಿಸಿಕೊಳ್ಳುವ ಮುಂಚೆ ನೋಡಿಕೊಳ್ಳಬೇಕಾದ ಸಂಗತಿಗಳಿವೆ. ಅವನ್ನು ಬಿಟ್ಟು ನೇರವಾಗಿ ಪೆನ್‌ಡ್ರೈವ್ ಹಿಡಿದು ಕೂತವರೇ ಹೆಚ್ಚಾಗಿ ‘ಇದು ಕೆಲಸ ಮಾಡಲ್ಲ’ ಎಂದು ಬೈಯುವುದು.

ಮೊದಲಿಗೆ, ಕಾಯಿಲೆ ಯಾವುದು? ಪಾಸ್‌ವರ್ಡ್ ಮರೆತು ಒಳಗೇ ಹೋಗಲಾಗದಿರುವುದು ಒಂದು ಬಗೆ. ಲಾಗಿನ್ ಚೆನ್ನಾಗಿಯೇ ಆಗುತ್ತದೆ, ಆದರೆ ಯಾವ ಸಾಫ್ಟ್‌ವೇರ್ ಹಾಕಲು ಹೋದರೂ ಅನುಮತಿ ಕೇಳುವ ಕಿಟಕಿಯಲ್ಲಿ ‘ಯೆಸ್’ ಗುಂಡಿ ಮಸುಕಾಗಿರುತ್ತದೆ, ಪಾಸ್‌ವರ್ಡ್ ಬರೆಯುವ ಜಾಗವೂ ಕಾಣುವುದಿಲ್ಲ, ‘ನೋ’ ಒಂದೇ ಒತ್ತಲು ಬರುತ್ತದೆ ಎಂದರೆ ಅದು ಬೇರೆ ಬಗೆ. ಯಂತ್ರದಲ್ಲಿ ಚಾಲ್ತಿಯಲ್ಲಿರುವ ಅಡ್ಮಿನ್ ಖಾತೆ ಒಂದೂ ಉಳಿದಿಲ್ಲ ಎಂಬುದರ ಗುರುತು ಇದು. ಇದ್ದ ಒಂದೇ ಅಡ್ಮಿನ್ ಖಾತೆ ಹೇಗೋ ‘ಸ್ಟ್ಯಾಂಡರ್ಡ್’ ದರ್ಜೆಗೆ ಇಳಿದಿರುತ್ತದೆ. ಇಲ್ಲಿ ಪಾಸ್‌ವರ್ಡ್ ಬದಲಿಸಿದರೆ ಏನೂ ಉಪಯೋಗವಿಲ್ಲ. ಖಾತೆಯ ದರ್ಜೆ ಏರಿಸಬೇಕು.

ಈ ಎರಡನೇ ಬಗೆಗೆ ಬಹಳ ಸಲ ಯಾವ ಸಾಧನವೂ ಬೇಕಾಗುವುದಿಲ್ಲ. ವಿಸ್ಟಾದಿಂದ ಈಚೆಗೆ ವಿಂಡೋಸ್‌ನ ಹುಟ್ಟು ಖಾತೆಯಾದ ‘ಅಡ್ಮಿನಿಸ್ಟ್ರೇಟರ್’ ಮುಚ್ಚಿಯೇ ಇರುತ್ತದೆ. ಆದರೆ ಯಂತ್ರ ಯಾವುದೇ ಡೊಮೈನಿಗೆ (ಕಚೇರಿಯ ಕಂಪ್ಯೂಟರುಗಳನ್ನು ಒಂದೆಡೆಯಿಂದ ನಿಯಂತ್ರಿಸುವ ಜಾಲ) ಸೇರಿಲ್ಲದೆ, ಬೇರೆ ಸಕ್ರಿಯ ಅಡ್ಮಿನ್ ಖಾತೆಯೂ ಇಲ್ಲದಿದ್ದರೆ ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಭಾಗಗಳಷ್ಟೇ ಏಳುವ ಸ್ಥಿತಿ) ಈ ಖಾತೆ ತಾನಾಗಿ ತೆರೆದುಕೊಳ್ಳುತ್ತದೆ. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿಹಿಡಿದು ‘ರೀಸ್ಟಾರ್ಟ್’ ಕೊಡಿ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’ ಎಂದು ಸಾಗಿ, ಪಟ್ಟಿ ಬಂದಾಗ 4 ಒತ್ತಿ. ಖಾತೆಗಳ ನಡುವೆ ಅಡ್ಮಿನಿಸ್ಟ್ರೇಟರ್ ಕಾಣಿಸಿದರೆ ಅದರಲ್ಲಿ ಹೊಕ್ಕು (ಯಾರೂ ಬದಲಿಸಿರದಿದ್ದರೆ ಪಾಸ್‌ವರ್ಡ್ ಖಾಲಿ) ಕಂಟ್ರೋಲ್ ಪ್ಯಾನೆಲಿನ ‘ಯೂಸರ್ ಅಕೌಂಟ್ಸ್’ನಲ್ಲಿ ನಿಮ್ಮ ಖಾತೆಯ ದರ್ಜೆ ಬದಲಿಸಿ. ಕಾಣಿಸದಿದ್ದರೆ ಯಾವತ್ತೋ ಮಾಡಿ ಮರೆತ ಇನ್ನೊಂದು ಅಡ್ಮಿನ್ ಖಾತೆ ಎಲ್ಲೋ ಇರಬಹುದು. ಆಗ ಪೆನ್‌ಡ್ರೈವ್ ದಾರಿಯೇ ಗತಿ.

ಮರೆತದ್ದು ಪಾಸ್‌ವರ್ಡೇ ಆಗಿದ್ದರೆ ಖಾತೆ ಲೋಕಲ್ಲೋ (ಈ ಯಂತ್ರದಲ್ಲಷ್ಟೇ ಇರುವುದು) ಮೈಕ್ರೋಸಾಫ್ಟ್ ಖಾತೆಯೋ ನೋಡಿ. ಲಾಗಿನ್ ಪರದೆಯಲ್ಲಿ ಹೆಸರಿನ ಕೆಳಗೆ ಇಮೇಲ್ ವಿಳಾಸ ಕಂಡರೆ ಎರಡನೆಯದು. ಅದಕ್ಕೆ ಫೋನಿನಿಂದಲೋ ಇನ್ನೊಂದು ಕಂಪ್ಯೂಟರಿನಿಂದಲೋ ಮೈಕ್ರೋಸಾಫ್ಟ್‌ನ ಪುಟದಲ್ಲೇ ಪಾಸ್‌ವರ್ಡ್ ಬದಲಿಸಿ. ಬಳಿಕ ಈ ಯಂತ್ರವನ್ನು ಲಾಗಿನ್ ಪರದೆಯ ಬಲ ಮೂಲೆಯ ನೆಟ್‌ವರ್ಕ್ ಗುರುತಿನಿಂದ ವೈಫೈಗೆ ಸೇರಿಸಿಯೇ ಹೊಸ ಪಾಸ್‌ವರ್ಡ್ ಹಾಕಬೇಕು. ನೆಟ್ ಇಲ್ಲದಿದ್ದರೆ ಯಂತ್ರಕ್ಕೆ ಗೊತ್ತಿರುವುದು ಹಳೆಯದು ಮಾತ್ರ. ಹಳೆಯ ಫೋನ್ ನಂಬರ್, ಹಳೆಯ ಇಮೇಲ್ ಎರಡೂ ಕೈಬಿಟ್ಟುಹೋಗಿ ಭದ್ರತೆಯ ವಿವರಗಳನ್ನೆಲ್ಲ ಹೊಸದಾಗಿ ಕೊಡಬೇಕಾಗಿ ಬಂದರೆ 30 ದಿನ ಕಾಯಿಸುತ್ತಾರೆ. ಲೋಕಲ್ ಖಾತೆಗೆ 1803 ಆವೃತ್ತಿಯಿಂದ ಈಚಿನ ವಿಂಡೋಸ್ 10ರಲ್ಲೂ 11ರಲ್ಲೂ ಮೂರು ಭದ್ರತಾ ಪ್ರಶ್ನೆಗಳಿರುತ್ತವೆ. ತಪ್ಪು ಪಾಸ್‌ವರ್ಡ್ ಒಮ್ಮೆ ಹಾಕಿದ ಮೇಲಷ್ಟೇ ‘ರೀಸೆಟ್ ಪಾಸ್‌ವರ್ಡ್’ ಎಂಬ ಸಾಲು ಕೆಳಗೆ ಕಾಣಿಸಿಕೊಳ್ಳುತ್ತದೆ. ಹಾಗಂತ ಊಹೆ ಮಾಡುತ್ತಾ ಕೂರಬೇಡಿ: ವಿಂಡೋಸ್ 11ರ 22ಎಚ್2 ಆವೃತ್ತಿ ಹೊಸದಾಗಿ ಹಾಕಿದ ಯಂತ್ರದಲ್ಲಿ 10 ಸಲ ತಪ್ಪಿದರೆ ಖಾತೆ 10 ನಿಮಿಷ ಬೀಗ ಹಾಕಿಕೊಳ್ಳುತ್ತದೆ.

ಕೊನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ (ಕೀ ಇಲ್ಲದೆ ಓದಲಾಗದ ಗೂಢರೂಪದಲ್ಲಿದೆಯೇ) ಎಂಬುದು. ವಿಂಡೋಸ್‌ನ ಎನ್‌ಕ್ರಿಪ್ಷನ್ ಸೌಲಭ್ಯವಾದ ಬಿಟ್‌ಲಾಕರ್ ಹಾಕಿಯೇ ಇಲ್ಲ ಎಂದುಕೊಂಡವರ ಲ್ಯಾಪ್‌ಟಾಪಿನಲ್ಲೂ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ ಅದೇ ಕೂತಿರುತ್ತದೆ. ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಹೊಕ್ಕರೆ ಇದು ಕೇಳದೆಯೇ ಚಾಲೂ ಆಗುತ್ತದೆ. ಹಾಗಿದ್ದಲ್ಲಿ 48 ಅಂಕಿಯ ರಿಕವರಿ ಕೀ ಇಲ್ಲದೆ ಹೊರಗಿನ ಯಾವ ಸಾಧನವೂ ಒಳಗಿನ ಒಂದು ಫೈಲನ್ನೂ ಮುಟ್ಟಲಾರದು. ಉಚಿತದ್ದೂ ಅಷ್ಟೇ, ದುಬಾರಿಯದ್ದೂ ಅಷ್ಟೇ. ಕೀ ಸಾಮಾನ್ಯವಾಗಿ ಅದನ್ನು ಚಾಲೂ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಒಂದೇ ಖಾತೆಯಲ್ಲಿ ಹಲವು ಯಂತ್ರಗಳ ಕೀ ಇದ್ದರೆ, ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರಗಳನ್ನು ಅಲ್ಲಿನ ಪಟ್ಟಿಯೊಂದಿಗೆ ಹೋಲಿಸಿ ಸರಿಯಾದದ್ದನ್ನು ಆರಿಸಿ. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲಿನ ಯಂತ್ರದ ಮೂಲ ಸೆಟ್ಟಿಂಗುಗಳು) ಸೆಕ್ಯೂರ್ ಬೂಟ್, ಅಂದರೆ ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಕಾವಲನ್ನು, ಆಫ್ ಮಾಡಿದರೂ ಮುಂದಿನ ಸಲ ಸ್ವತಃ ವಿಂಡೋಸೇ ಈ ಕೀ ಕೇಳಬಹುದು. ಆದ್ದರಿಂದ ಕೀ ಕೈಗೆ ಸಿಕ್ಕಿದ ಮೇಲೆಯೇ ಬಯಾಸ್‌ಗೆ ಕೈಹಾಕಿ.

ಈಗ ಸಾಧನಕ್ಕೆ ಬರೋಣ. ಹೈರೆನ್ಸ್ ಎಂಬ ಹೆಸರು ಹಳಬರಿಗೆ ಗೊತ್ತಿರುವುದು 2012ರಲ್ಲಿ 15.2ಕ್ಕೆ ನಿಂತುಹೋದ ಹಳೆಯ ಸಿಡಿಯಿಂದ. ಅದರಲ್ಲಿ ಪರವಾನಗಿ ಇಲ್ಲದ ಸಾಫ್ಟ್‌ವೇರುಗಳೂ ಸೇರಿಕೊಂಡಿದ್ದವು. ಈಗಿನ ಪಿಇ ಆವೃತ್ತಿ ಬೇರೆಯೇ. ಅದರ ಅಭಿಮಾನಿಗಳು ಹೊಸದಾಗಿ ಕಟ್ಟಿದ್ದು, ಉಚಿತ ತಂತ್ರಾಂಶಗಳನ್ನಷ್ಟೇ ತುಂಬಿದ್ದು. 1.0.8 ಆವೃತ್ತಿ ವಿಂಡೋಸ್ 11ರ ಪಿಇ ಮೇಲೆ ನಿಂತಿದೆ, 64 ಬಿಟ್ ಯಂತ್ರ ಮತ್ತು ಕನಿಷ್ಠ 4 ಜಿಬಿ ರ‍್ಯಾಮ್ ಬೇಡುತ್ತದೆ. ಇಳಿಸಿಕೊಳ್ಳಬೇಕಾದ ಐಎಸ್ಒ ಫೈಲ್ (ಇಡೀ ಡಿಸ್ಕಿನ ನಕಲು) ಸುಮಾರು 3 ಜಿಬಿ, ಹಾಗಾಗಿ 8 ಜಿಬಿಯ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಹೈರೆನ್ಸ್‌ಬೂಟ್‌ಸಿಡಿ ಡಾಟ್ ಆರ್ಗ್ ಬಿಟ್ಟು ಬೇರೆಡೆ ಸಿಗುವ ಪ್ರತಿಗಳನ್ನು ಮುಟ್ಟದಿರುವುದೇ ಒಳ್ಳೆಯದು. ಪಾಸ್‌ವರ್ಡ್ ಫೈಲನ್ನೇ ತಿದ್ದಬಲ್ಲ ಸಾಧನವನ್ನು ಯಾರೋ ತಿದ್ದಿ ಹಂಚಿದ್ದರೆ ಅದು ಇನ್ನೇನೇನು ಮಾಡೀತೋ ಹೇಳಲಾಗದು.

ಪೆನ್‌ಡ್ರೈವ್ ತಯಾರಿಸಲು ರೂಫಸ್ ಎಂಬ ಉಚಿತ ತಂತ್ರಾಂಶ ಸಾಕು. ಈಚಿನ ಯಂತ್ರವಾದರೆ ಪಾರ್ಟಿಷನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ (ಬಯಾಸ್‌ನ ಹೊಸ ಪೀಳಿಗೆ), ಫೈಲ್ ಸಿಸ್ಟಮ್ ಫ್ಯಾಟ್32. ಹಳೆಯ ಬಯಾಸ್ ಯಂತ್ರವಾದರೆ ಎಂಬಿಆರ್. ಫ್ಯಾಟ್32 ಆರಿಸುವುದನ್ನು ಮರೆಯಬೇಡಿ. ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿದರೆ ಕೆಲವು ಮದರ್‌ಬೋರ್ಡುಗಳು ಅದನ್ನು ಬೂಟ್ ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಯಾವುದರಿಂದ ಏಳಬೇಕೆಂದು ಆರಿಸುವ ಬೂಟ್ ಮೆನುಗೆ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್, ಎಂಎಸ್‌ಐಯಲ್ಲಿ ಎಫ್11. ಬೂಟ್ ಆಗುವ ಭಾಗ ಮೈಕ್ರೋಸಾಫ್ಟ್ ಸಹಿಯುಳ್ಳದ್ದಾದ್ದರಿಂದ ಸಾಮಾನ್ಯವಾಗಿ ಸೆಕ್ಯೂರ್ ಬೂಟ್ ಆಫ್ ಮಾಡುವ ಪ್ರಮೇಯವೇ ಬರುವುದಿಲ್ಲ. ಹಳೆಯ ಸಾಧನಗಳಿಗಿಂತ ಇದು ಮುಂದೆ ನಿಲ್ಲುವುದು ಇಲ್ಲೇ.

ಕಂಪ್ಯೂಟರ್ ಆಫ್ ಮಾಡುವ ರೀತಿಗೂ ಒಂದು ಲೆಕ್ಕವಿದೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ‘ಶಟ್‌ಡೌನ್’ ಎಂದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕಿನ ಸ್ಥಿತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ಹೊತ್ತಿನಲ್ಲಿ ಹೊರಗಿನಿಂದ ತಿದ್ದಿದರೆ ತಿದ್ದಿದ್ದು ಉಳಿಯದೇ ಹೋಗಬಹುದು. ಲಾಗಿನ್ ಪರದೆಯ ಪವರ್ ಗುರುತಿನಿಂದ ‘ರೀಸ್ಟಾರ್ಟ್’ ಕೊಟ್ಟು, ಮತ್ತೆ ಏಳುವಾಗಲೇ ಬೂಟ್ ಮೆನು ಕೀ ಒತ್ತಿ.

ಪಿಇ ತೆರೆದುಕೊಂಡರೆ ಕಾಣುವುದು ಮಾಮೂಲಿ ವಿಂಡೋಸ್‌ನಂಥದೇ ಡೆಸ್ಕ್‌ಟಾಪ್. ಇದು ನಿಂತಿರುವುದು ರ‍್ಯಾಮಿನಲ್ಲಿ, ಡ್ರೈವಿನ ಅಕ್ಷರ ಎಕ್ಸ್. ನಿಮ್ಮ ವಿಂಡೋಸ್ ಸಾಮಾನ್ಯವಾಗಿ ಸಿ ಆಗಿಯೇ ಕಾಣುತ್ತದೆ, ಆದರೆ ಡಿ ಅಥವಾ ಇ ಆಗಿ ಕಂಡರೂ ಗಾಬರಿ ಬೇಡ. ಮೊದಲು ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅದನ್ನು ತೆರೆದು ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಎಂದು ಒಳಹೊಕ್ಕು ‘ಸ್ಯಾಮ್’ ಎಂಬ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಲೋಕಲ್ ಖಾತೆಗಳ ಪಾಸ್‌ವರ್ಡ್ ಹ್ಯಾಶ್‌ಗಳೆಲ್ಲ (ಪಾಸ್‌ವರ್ಡಿನ ಗೂಢರೂಪಗಳು) ಇರುವುದು ಇದರಲ್ಲೇ. ತಿದ್ದುವಾಗ ಏನಾದರೂ ಎಡವಟ್ಟಾದರೆ ಈ ನಕಲನ್ನು ಅದೇ ಜಾಗಕ್ಕೆ ಮರಳಿಸಿದರಾಯಿತು, ಹಳೆಯ ಸ್ಥಿತಿ ಬರುತ್ತದೆ. ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಬಳಿಕ ಸ್ಟಾರ್ಟ್ ಮೆನುವಿನ ‘ಸೆಕ್ಯೂರಿಟಿ’ ಗುಂಪಿನೊಳಗೆ ‘ಪಾಸ್‌ವರ್ಡ್ಸ್’, ಅಲ್ಲಿ ‘ಎನ್‌ಟಿ ಪಾಸ್‌ವರ್ಡ್ ಎಡಿಟ್’. ಒಂದೇ ಒಂದು ಪುಟ್ಟ ಕಿಟಕಿ, ಮೇಲ್ಗಡೆ ಸ್ಯಾಮ್ ಫೈಲಿನ ದಾರಿ, ಪಕ್ಕದಲ್ಲಿ ‘ರೀಓಪನ್’ ಗುಂಡಿ. ವಿಂಡೋಸ್ ಇರುವುದು ಬೇರೆ ಅಕ್ಷರದಲ್ಲಾದರೆ ದಾರಿಯಲ್ಲಿ ಅದನ್ನು ತಿದ್ದಿ ಗುಂಡಿ ಒತ್ತಿ. ಖಾತೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಗೆಸ್ಟ್, ಡಿಫಾಲ್ಟ್‌ಅಕೌಂಟ್, ಡಬ್ಲ್ಯುಡಿಎಜಿಯುಟಿಲಿಟಿಅಕೌಂಟ್ ಎಂಬ ಹೆಸರುಗಳೂ ಕಾಣುತ್ತವೆ. ಅವು ವಿಂಡೋಸ್‌ನ ಒಳಗೆಲಸದವು, ಅವುಗಳ ಗೋಜಿಗೆ ಹೋಗಬೇಡಿ. ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ ‘ಚೇಂಜ್ ಪಾಸ್‌ವರ್ಡ್’ ಒತ್ತಿ, ಎರಡೂ ಜಾಗಗಳನ್ನು ಖಾಲಿ ಬಿಟ್ಟು ‘ಓಕೆ’ ಕೊಡಿ. ಇಲ್ಲಿಗೆ ಮುಗಿಯಲಿಲ್ಲ. ‘ಸೇವ್ ಚೇಂಜಸ್’ ಒತ್ತುವ ತನಕ ಡಿಸ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ. ಪಾಸ್‌ವರ್ಡ್ ಹೋಗಲೇ ಇಲ್ಲ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ಹುಟ್ಟಿದವು.

ಹೊಸ ಪಾಸ್‌ವರ್ಡನ್ನು ಅಲ್ಲೇ ಬರೆಯಬಹುದು. ಆದರೂ ಖಾಲಿ ಬಿಡುವುದೇ ಜಾಣತನ. ಪಿಇಯ ಕೀಬೋರ್ಡ್ ವಿನ್ಯಾಸಕ್ಕೂ ನಿಮ್ಮ ವಿಂಡೋಸ್‌ನದಕ್ಕೂ ವ್ಯತ್ಯಾಸವಿದ್ದರೆ ‘@’ ಥರದ ಚಿಹ್ನೆಗಳು ಅದಲುಬದಲಾಗಿ ಹೊಸ ಪಾಸ್‌ವರ್ಡೂ ಕೈಕೊಡುತ್ತದೆ. ಖಾಲಿ ಪಾಸ್‌ವರ್ಡಿನಿಂದ ಯಂತ್ರದ ಮುಂದೆ ಕೂತು ಹೊಕ್ಕಬಹುದು, ರಿಮೋಟ್ ಡೆಸ್ಕ್‌ಟಾಪಿನಿಂದ ಆಗದು. ವಿಂಡೋಸ್ ಅದನ್ನು ಮೊದಲಿನಿಂದಲೇ ತಡೆಹಿಡಿದಿದೆ. ಖಾತೆಗೆ ಪಿನ್ ಇದ್ದರೆ ಲಾಗಿನ್ ಪರದೆ ಮತ್ತೆ ಪಿನ್ನನ್ನೇ ಕೇಳುತ್ತದೆ, ಏಕೆಂದರೆ ಪಿನ್ ಇರುವುದು ಬೇರೆಡೆ, ಸ್ಯಾಮ್‌ನಲ್ಲಲ್ಲ. ‘ಸೈನ್ ಇನ್ ಆಪ್ಷನ್ಸ್’ ಒತ್ತಿ ಬೀಗದ ಕೈ ಚಿತ್ರದ ಪಾಸ್‌ವರ್ಡ್ ಆಯ್ಕೆಗೆ ಹೊರಳಿ.

ಮೈಕ್ರೋಸಾಫ್ಟ್ ಖಾತೆಯ ಮುಂದೆ ಈ ತಂತ್ರಾಂಶದ ಆಟ ನಡೆಯದು. ಹೆಸರೇನೋ ಪಟ್ಟಿಯಲ್ಲಿ ಕಾಣುತ್ತದೆ, ಬದಲಿಸಿದಂತೆಯೂ ತೋರುತ್ತದೆ, ಆದರೆ ಲಾಗಿನ್ ಪರದೆ ಹಳೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಅಲ್ಲಿ, ಹಾಗೆಯೇ ಖಾತೆ ಸ್ಟ್ಯಾಂಡರ್ಡ್ ದರ್ಜೆಗಿಳಿದ ಕಡೆಯೂ, ಪಟ್ಟಿಯಿಂದ ‘ಅಡ್ಮಿನಿಸ್ಟ್ರೇಟರ್’ ಆರಿಸಿ ‘ಅನ್‌ಲಾಕ್’ ಒತ್ತಿ, ಸೇವ್ ಮಾಡಿ ಹೊರಬನ್ನಿ. ಮುಚ್ಚಿದ್ದ ಖಾತೆ ತೆರೆಯುತ್ತದೆ. ಪೆನ್‌ಡ್ರೈವ್ ಕಿತ್ತು ಮಾಮೂಲಿಯಾಗಿ ವಿಂಡೋಸ್ ಏರಿಸಿದರೆ ಲಾಗಿನ್ ಪರದೆಯ ಎಡ ಮೂಲೆಯಲ್ಲಿ ಹೊಸ ಹೆಸರು ಬಂದಿರುತ್ತದೆ. ಅಲ್ಲಿಂದ ಹೊಸ ಲೋಕಲ್ ಅಡ್ಮಿನ್ ಖಾತೆ ಮಾಡಬಹುದು, ಹಳೆಯ ಖಾತೆಯ ಫೋಲ್ಡರಿನಿಂದ ಫೋಟೊ, ಕಡತಗಳನ್ನು ಎತ್ತಿಕೊಳ್ಳಬಹುದು, ಇಳಿದುಹೋದ ಖಾತೆಯನ್ನು ಮತ್ತೆ ಅಡ್ಮಿನ್ ಮಾಡಬಹುದು.

ಪಿಇಯಲ್ಲಿ ನಿಮ್ಮ ಡ್ರೈವ್ ತೆರೆಯದಿದ್ದರೆ ಅಥವಾ ಕಾಣದೇ ಇದ್ದರೆ ಎರಡು ಸಾಧ್ಯತೆ. ಬೀಗದ ಗುರುತಿನೊಂದಿಗೆ ಕಂಡು ತೆರೆಯಲು ಹೋದಾಗ ಕೀ ಕೇಳಿದರೆ ಬಿಟ್‌ಲಾಕರ್: ಆ 48 ಅಂಕಿ ಅಲ್ಲೇ ಹಾಕಿ ತೆರೆದು ಮುಂದುವರಿಯಬಹುದು. ಡ್ರೈವ್ ಇಲ್ಲವೇ ಇಲ್ಲ, ಪೆನ್‌ಡ್ರೈವ್ ಮತ್ತು ಎಕ್ಸ್ ಮಾತ್ರ ಕಾಣುತ್ತಿವೆ ಎಂದರೆ ಇಂಟೆಲ್‌ನ ಡಿಸ್ಕ್ ನಿಯಂತ್ರಣ ವ್ಯವಸ್ಥೆಯಾದ ವಿಎಂಡಿ ಮೇಲೆ ಸಂಶಯಪಡಿ. 11ನೇ ತಲೆಮಾರಿನಿಂದ ಈಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ಇದರ ಹಿಂದೆ ಅಡಗಿರುವುದುಂಟು. ಅದಕ್ಕೆ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಬೇಕು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಳಿಸಿ, ಬಿಚ್ಚಿ, ಪೆನ್‌ಡ್ರೈವಿನ ಒಂದು ಫೋಲ್ಡರಿನಲ್ಲಿ ಹಾಕಿಟ್ಟು, ಪಿಇಯ ಕಮಾಂಡ್ ಪ್ರಾಂಪ್ಟಿನಲ್ಲಿ ‘ಡಿಆರ್‌ವಿಲೋಡ್’ ಆದೇಶಕ್ಕೆ ಅದರ ಐಎನ್‌ಎಫ್ ಫೈಲಿನ ದಾರಿ ಕೊಟ್ಟರೆ ಡ್ರೈವ್ ಪ್ರತ್ಯಕ್ಷವಾಗುತ್ತದೆ. ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡಿ ಎನ್ನುವ ಸಲಹೆಯೂ ಓಡಾಡುತ್ತಿದೆ. ಮಾಡಿದರೆ ಡ್ರೈವ್ ಕಾಣುತ್ತದೆ ನಿಜ, ಆದರೆ ಮರಳಿ ಆನ್ ಮಾಡಲು ಮರೆತರೆ ವಿಂಡೋಸ್ ಏಳುವಾಗ ನೀಲಿ ಪರದೆಗೆ ಬೀಳುವ ಸಾಧ್ಯತೆ ಇದೆ.

ಪಾಸ್‌ವರ್ಡ್ ಅಳಿಸುವುದಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ, ಇದನ್ನು ಮೊದಲೇ ತಿಳಿಸುವವರು ಕಡಿಮೆ. ವಿಂಡೋಸ್ ಕೆಲವು ಗುಟ್ಟುಗಳನ್ನು ಲಾಗಿನ್ ಪಾಸ್‌ವರ್ಡಿನ ಆಧಾರದ ಮೇಲೆಯೇ ಎನ್‌ಕ್ರಿಪ್ಟ್ ಮಾಡಿಡುತ್ತದೆ: ಕ್ರೋಮ್, ಎಡ್ಜ್ ಬ್ರೌಸರುಗಳು ನೆನಪಿಟ್ಟ ಪಾಸ್‌ವರ್ಡುಗಳು, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿರುವುದು, ಸರ್ಟಿಫಿಕೇಟುಗಳ ಖಾಸಗಿ ಕೀಗಳು. ಹೊರಗಿನಿಂದ ಪಾಸ್‌ವರ್ಡ್ ಅಳಿಸಿದರೆ ಇವು ತೆರೆಯುವುದಿಲ್ಲ. ಪ್ರೊ ಆವೃತ್ತಿಯಲ್ಲಿ ಇಎಫ್‌ಎಸ್ ಬಳಸಿ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಅವೂ ಕೈತಪ್ಪುತ್ತವೆ. ಹೋಮ್ ಆವೃತ್ತಿಯಲ್ಲಿ ಇಎಫ್‌ಎಸ್ ಸೌಲಭ್ಯವೇ ಇಲ್ಲದ್ದರಿಂದ ಆ ಚಿಂತೆ ಇಲ್ಲ. ಫೋಟೊ, ಡಾಕ್ಯುಮೆಂಟುಗಳಿಗೆ ಏನೂ ಆಗುವುದಿಲ್ಲ. ಹಳೆಯ ಪಾಸ್‌ವರ್ಡ್ ಎಂದಾದರೂ ನೆನಪಾದರೆ ಅದನ್ನೇ ಮತ್ತೆ ಇಟ್ಟು ಲಾಗಿನ್ ಆದಾಗ ಈ ಗುಟ್ಟುಗಳು ಸಾಮಾನ್ಯವಾಗಿ ಮರಳಿ ತೆರೆಯುತ್ತವೆ. ಹಾಗಾಗಿ ‘ತೆರೆಯುತ್ತಿಲ್ಲ’ ಎಂದು ಅವಸರದಲ್ಲಿ ಹಳೆಯ ಪ್ರೊಫೈಲ್ ಅಳಿಸಬೇಡಿ.

ಪಿಇಗೆ ಪ್ರತಿಸ್ಪರ್ಧಿ ಎನ್ನಬಹುದಾದ ಹಳೆಯ ಹುಲಿ ಸಿಎಚ್‌ಎನ್‌ಟಿಪಿಡಬ್ಲ್ಯು, ಅಂದರೆ ‘ಆಫ್‌ಲೈನ್ ಎನ್‌ಟಿ ಪಾಸ್‌ವರ್ಡ್ ಅಂಡ್ ರಿಜಿಸ್ಟ್ರಿ ಎಡಿಟರ್’. ಇದರ ಬೂಟ್ ಡಿಸ್ಕಿನ ಕೊನೆಯ ಆವೃತ್ತಿ ಬಂದದ್ದು 2014ರ ಫೆಬ್ರವರಿಯಲ್ಲಿ. ಗಾತ್ರ 20 ಎಂಬಿಯೂ ಇಲ್ಲ. ರ‍್ಯಾಮ್ ಕಡಿಮೆಯಿರುವ ಹಳೆಯ ಯಂತ್ರಕ್ಕೆ ಇದಕ್ಕಿಂತ ಹಗುರವಾದದ್ದು ಬೇಡ. ಯುಇಎಫ್‌ಐ ಮಾತ್ರ ಇರುವ ಹೊಸ ಯಂತ್ರದಲ್ಲಿ ಮಾತ್ರ ಇದು ಏಳುವುದೇ ಇಲ್ಲ. ಮೌಸ್ ಇಲ್ಲ, ಎಲ್ಲವೂ ಅಂಕಿ ಒತ್ತಿ ನಡೆಯುವ ಮೆನು. ಖಾತೆಯನ್ನು ಹೆಸರಿನಿಂದಲ್ಲ, ಹೆಕ್ಸಾಡೆಸಿಮಲ್ ಗುರುತಿನಿಂದ ಆರಿಸಬೇಕು. ಅಡ್ಮಿನಿಸ್ಟ್ರೇಟರಿಗೆ ಯಾವಾಗಲೂ 01ಎಫ್4, ವಿಂಡೋಸ್ 10ರಲ್ಲಿ ಮೊದಲು ಮಾಡಿದ ಖಾತೆಗೆ ಸಾಮಾನ್ಯವಾಗಿ 03ಇ9. ಪಾಸ್‌ವರ್ಡ್ ಅಳಿಸಲು 1, ಮುಚ್ಚಿದ ಖಾತೆ ತೆರೆಯಲು 2, ಅಡ್ಮಿನ್ ದರ್ಜೆಗೆ ಏರಿಸಲು 3. ಕ್ಯೂ ಒತ್ತಿ ಹೊರಬರುವಾಗ ‘ಬರೆಯಲೇ?’ ಎಂದು ಕೇಳಿ, ಪಕ್ಕದಲ್ಲಿ ಚೌಕದೊಳಗೆ ಎನ್ ಎಂದು ತೋರಿಸುತ್ತದೆ. ಅಲ್ಲಿಯವರೆಗೂ ಎಂಟರ್ ಒತ್ತುತ್ತಾ ಬಂದ ಕೈ ಅಲ್ಲೂ ಎಂಟರ್ ಒತ್ತಿದರೆ ಮಾಡಿದ್ದೆಲ್ಲ ನೀರುಪಾಲು. ವೈ ಒತ್ತಬೇಕು. ಡಿಸ್ಕ್ ಅರೆನಿದ್ದೆಯಲ್ಲಿದ್ದರೆ ಬರೆಯಲು ಒಪ್ಪುವುದೂ ಇಲ್ಲ. ಉಬುಂಟು ಲೈವ್ ಪೆನ್‌ಡ್ರೈವ್ ರೂಢಿ ಇರುವವರು ಇದೇ ತಂತ್ರಾಂಶವನ್ನು ‘ಯೂನಿವರ್ಸ್’ ಭಂಡಾರದಿಂದ ಹಾಕಿಕೊಂಡು ಯುಇಎಫ್‌ಐ ತೊಡಕನ್ನು ದಾಟಬಹುದು.

ಪಾಸ್‌ವರ್ಡನ್ನೇ ಪತ್ತೆಹಚ್ಚುವ ಆಫ್‌ಕ್ರ್ಯಾಕ್ ಬಗ್ಗೆ ಒಂದೇ ಮಾತು: ಅದರ ಹೆಸರು ಬೆಳೆದದ್ದು ಎಕ್ಸ್‌ಪಿಯ ದುರ್ಬಲ ಎಲ್‌ಎಂ ಹ್ಯಾಶ್‌ಗಳ ಮೇಲೆ, ವಿಸ್ಟಾದಿಂದ ಅವನ್ನು ಉಳಿಸುವುದೇ ನಿಂತಿದೆ. ಲಾಗಿನ್ ಪರದೆಯ ಈಸ್ ಆಫ್ ಆಕ್ಸೆಸ್ ಗುಂಡಿಯ ಹಿಂದಿನ ಫೈಲನ್ನು ಕಮಾಂಡ್ ಪ್ರಾಂಪ್ಟಿನೊಂದಿಗೆ ಅದಲುಬದಲು ಮಾಡುವ ಹಳೆಯ ಚಾಳಿಯನ್ನು ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್ ಈಗ ಗುರುತು ಹಿಡಿದು ತಡೆಯುತ್ತದೆ. ಅದೃಷ್ಟಕ್ಕೆ ನಡೆದರೂ, ಮೂಲ ಫೈಲನ್ನು ಮರಳಿಸಲು ಮರೆತವರ ಯಂತ್ರದಲ್ಲಿ ಯಾರು ಬೇಕಾದರೂ ನುಗ್ಗುವಷ್ಟು ದೊಡ್ಡ ಕಿಂಡಿ ಉಳಿಯುತ್ತದೆ. ದುಡ್ಡು ಕೇಳುವ ಸಾಧನಗಳಲ್ಲಿ ಬಹಳಷ್ಟು ಮಾಡುವುದೂ ಇದೇ ಸ್ಯಾಮ್ ಫೈಲ್ ತಿದ್ದುವ ಕೆಲಸ. ಪ್ರಯೋಗದ ಆವೃತ್ತಿಯಲ್ಲಿ ಖಾತೆಗಳ ಹೆಸರು ತೋರಿಸಿ, ‘ರೀಸೆಟ್’ ಒತ್ತಿದಾಗ ಹಣದ ಪುಟ ತೆರೆಯುವುದು ಅವುಗಳ ರೂಢಿ. ಬಿಟ್‌ಲಾಕರನ್ನೂ ಕೀ ಇಲ್ಲದೆ ದಾಟುತ್ತೇವೆ ಎಂದು ಹೇಳುವಂಥದು ಕಂಡರೆ ಪುಟ ಮುಚ್ಚಿ.

ಕಚೇರಿ ಕೊಟ್ಟ ಲ್ಯಾಪ್‌ಟಾಪಿಗೆ ಇದಾವುದನ್ನೂ ಮಾಡಬೇಡಿ. ಅದರ ಅಡ್ಮಿನ್ ಅಧಿಕಾರ ಕಚೇರಿಯದು, ಅವರಿಗೇ ಹೇಳಿ.

ಒಳಗೆ ಹೊಕ್ಕ ಮೇಲೆ ಮಾಡಬೇಕಾದ ಕೆಲಸ ಕಾಲು ಗಂಟೆಯದು. ನಿಮ್ಮ ಖಾತೆಗೆ ಹೊಸ ಪಾಸ್‌ವರ್ಡ್ ಇಡಿ. ದಿನನಿತ್ಯ ಬಳಸದ ಇನ್ನೊಂದು ಲೋಕಲ್ ಅಡ್ಮಿನ್ ಖಾತೆ ಮಾಡಿ, ಅದರ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಎರಡರಲ್ಲೂ ಒಮ್ಮೆ ಲಾಗಿನ್ ಆಗಿ ಖಾತ್ರಿ ಮಾಡಿಕೊಂಡ ಮೇಲಷ್ಟೇ ಹುಟ್ಟು ಖಾತೆಯಾದ ಅಡ್ಮಿನಿಸ್ಟ್ರೇಟರನ್ನು ಮತ್ತೆ ಮುಚ್ಚಿ. ಅದರ ಪಾಸ್‌ವರ್ಡ್ ಖಾಲಿ, ತೆರೆದೇ ಬಿಟ್ಟರೆ ಮನೆಗೆ ಬಂದವರಿಗೆಲ್ಲ ಅಡ್ಮಿನ್ ಅಧಿಕಾರ ಹಂಚಿದಂತೆ. ಪ್ರೊ ಆವೃತ್ತಿಯಲ್ಲಿ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ನ ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ನಿಂದ ಮುಚ್ಚಬಹುದು. ಹೋಮ್‌ನಲ್ಲಿ ಆ ಕಿಟಕಿ ಇಲ್ಲ, ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್ ಯೂಸರ್’ ಆದೇಶಕ್ಕೆ ಖಾತೆಯ ಹೆಸರು ಕೊಟ್ಟು, ಓರೆಗೆರೆಯ ಮುಂದೆ ‘ಆ್ಯಕ್ಟಿವ್:ನೋ’ ಎಂದು ಸೇರಿಸಬೇಕು.

ಲೋಕಲ್ ಖಾತೆಯಾದರೆ ಕಂಟ್ರೋಲ್ ಪ್ಯಾನೆಲಿನ ‘ಯೂಸರ್ ಅಕೌಂಟ್ಸ್’ನಲ್ಲಿ ‘ಕ್ರಿಯೇಟ್ ಎ ಪಾಸ್‌ವರ್ಡ್ ರೀಸೆಟ್ ಡಿಸ್ಕ್’ ಎಂಬ ಸಾಲಿದೆ. ಒಂದು ಹಳೆಯ ಪೆನ್‌ಡ್ರೈವ್ ಚುಚ್ಚಿ ಅದನ್ನು ನಡೆಸಿದರೆ ‘ಯೂಸರ್‌ಕೀ’ ಹೆಸರಿನ ಪುಟ್ಟ ಫೈಲೊಂದು ಅದರಲ್ಲಿ ಕೂರುತ್ತದೆ. ಮುಂದೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದೇ ಫೈಲ್ ನಡೆಯುತ್ತದೆ, ಬ್ರೌಸರಿನ ಗುಟ್ಟುಗಳೂ ಉಳಿಯುತ್ತವೆ. ಆದರೆ ಆ ಪೆನ್‌ಡ್ರೈವ್ ಸಿಕ್ಕವರಿಗೆ ನಿಮ್ಮ ಖಾತೆಯೂ ಸಿಕ್ಕಂತೆಯೇ, ಆದ್ದರಿಂದ ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬೇಡಿ.